ಕ್ಯಾಪ್ಟನ್ ಕ್ಲಾರೆನ್ಸ್ ಮತ್ತು ರಿತೊ ಮೇಸ್ತ್ರಿ

ಹೆಂಡತಿಗೆ ಹೆದರುವ ಗಂಡಸರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ದಿನಾ ಬೆಳಿಗ್ಗೆ ಗಡ್ಡ ಬೋಳಿಸುವಾಗ ಕನ್ನಡಿಯಲ್ಲಿ ಅಂಥವನೊಬ್ಬ ಕಾಣಿಸುತ್ತಾನೆ. ಮ್ಯಾನೇಜರಿಗೆ ಹೆದರುವವರನ್ನು, ವೀಸಾ ಆಫೀಸಿನ ಕಿಟಕಿಗೆ ಹೆದರುವವರನ್ನೂ ಕಂಡಿದ್ದೇನೆ. ಆದರೆ ಗೋಡೆಗೆ ತೂಗುಹಾಕಿದ ಒಂದು ಪಟಕ್ಕೆ ಹೆದರಿ, ಕೈಯಲ್ಲಿ ಸೂಪಿನ ಟ್ರೇ ಹಿಡಿದುಕೊಂಡು ಇಡೀ ಹಾಲಿಗೆ ಪ್ರದಕ್ಷಿಣೆ ಹಾಕಿ ಹೋಗುತ್ತಿದ್ದವನು ಕ್ಲಾರೆನ್ಸ್ ಒಬ್ಬನೇ.

ಕ್ಲಾರೆನ್ಸ್ ಕಿನ್ನಿಗೋಳಿ ಕಡೆಯ ಕೊಂಕಣಿ ಕ್ರಿಶ್ಚಿಯನ್ ಹುಡುಗ. ಹುಡುಗ ಅಂದರೆ ಆಗಲೇ ನಲವತ್ತು ದಾಟಿತ್ತು, ನನ್ನ ಲೆಕ್ಕದಲ್ಲಿ ಹುಡುಗ. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಹೋಟೆಲಿನಲ್ಲಿ ಅವನು ಕ್ಯಾಪ್ಟನ್, ನಾನು ಸ್ಟೋರ್ ಕೀಪರ್. ಹೋಟೆಲಿನವರ ಬಾಯಲ್ಲಿ ಕ್ಯಾಪ್ಟನ್ ಎಂದರೆ ವೇಟರುಗಳ ಮೇಲಿನವ, ಮೇಜಿನ ಹತ್ತಿರ ನಿಂತು ಆರ್ಡರ್ ಬರೆದುಕೊಳ್ಳುವವ. ಇದು ಊರಿನವರಿಗೆ ಗೊತ್ತಿರಬೇಕಲ್ಲ. ಮಗ ಕ್ಯಾಪ್ಟನ್ ಆದ ಅಂತ ಅವನ ಅಮ್ಮ ಇಗರ್ಜಿಯಲ್ಲಿ ಹೇಳಿದ್ದೇ ತಡ, ನೆರೆಮನೆಯವರು ನಾಲ್ಕು ಭರಣಿ ಉಪ್ಪಿನಕಾಯಿ ತಂದಿಟ್ಟು, "ನಿಮ್ಮ ಮಗನ ಹಡಗು ಇಲ್ಲಿಂದ ಹೋಗುವಾಗ ನಮ್ಮ ಹುಡುಗನಿಗೆ ತಲುಪಿಸ್ಲಿಕ್ಕೆ ಹೇಳಿ" ಅಂದರಂತೆ.

ನಾವಿಬ್ಬರೂ ಒಂದೇ ಫ್ಲ್ಯಾಟಿನಲ್ಲಿ ಬೆಡ್‌ಸ್ಪೇಸ್, ಅಂದರೆ ಒಂದೊಂದು ಮಂಚದ ಜಾಗ, ಬಾಡಿಗೆಗೆ ಹಿಡಿದಿದ್ದೆವು. ಆ ಕಾಲದ ಸೆಖೆಯನ್ನು ಈಗ ಮಿರ್ದಿಫ್‌ನಲ್ಲಿ ಮಗಳ ಮನೆಯ ಎಸಿಯಲ್ಲಿ ಕೂತು ಹೇಳಿದರೆ ಯಾರೂ ನಂಬುವುದಿಲ್ಲ. ಬಾಲ್ಕನಿಯಲ್ಲಿ ಒಣಗಲು ಹಾಕಿದ ಅಂಗಿ ಇಸ್ತ್ರಿ ಆಗಿಯೇ ಇಳಿಯುತ್ತಿತ್ತು. ಒಂದು ಪಾರಿವಾಳ ಕಿಟಕಿಯ ಮೇಲೆ ಇಟ್ಟ ಮೊಟ್ಟೆ ಅಲ್ಲೇ ಬೆಂದು, ಅದನ್ನು ನಾವು ಉಪ್ಪು ಹಾಕಿ ತಿಂದದ್ದುಂಟು. ನನ್ನ ಹೆಂಡತಿ ವಸಂತಿ ಇದನ್ನು ಕೇಳಿದಾಗಲೆಲ್ಲ, "ಹೋದ ಸಲ ಹೇಳುವಾಗ ಅದು ಕಾಗೆ ಆಗಿತ್ತು" ಅನ್ನುತ್ತಾಳೆ. ಇರಲಿ. ನನ್ನ ಸುಳ್ಳಿನಿಂದ ಪಾರಿವಾಳಕ್ಕೆ ನಷ್ಟ ಇಲ್ಲ. ಕ್ಲಾರೆನ್ಸನ ಕಥೆ ಹಾಗಲ್ಲ.

2013ರಲ್ಲಿ ನಮ್ಮ ಹೋಟೆಲಿನ ಮೇಲಿನ ಮಹಡಿಯಲ್ಲಿ ಯುರೋಪಿನ ಅಡುಗೆಯ ಹೊಸ ರೆಸ್ಟೋರೆಂಟ್ ತೆರೆದರು. ಹಳೇ ಅರಮನೆಯ ಹಾಗೆ ಕಾಣಬೇಕು ಅಂತ ಯಜಮಾನರು ಯಾವುದೋ ಹರಾಜಿನಿಂದ ಒಂದು ಕಂಟೇನರ್ ತುಂಬ ಹಳೇ ಕುರ್ಚಿ, ಮೇಣದಬತ್ತಿಯ ಕಂಬ, ಜಿಂಕೆ ಕೋಡು ತರಿಸಿದರು. ಎಲ್ಲ ನನ್ನ ಸ್ಟೋರಿನಲ್ಲಿಯೇ ಇಳಿಯಿತು. ಅದರಲ್ಲಿ ಒಂದು ಆಳೆತ್ತರದ ಪಟ. ಪೆಟ್ಟಿಗೆ ಬಿಚ್ಚಿದಾಗ ಮೊದಲು ಮೀಸೆ ಬಂತು. ನಾವು ಒಂದು ಚಹಾ ಕುಡಿದು ಮುಗಿಸಿದ ಮೇಲೆ ಮುಖ ಬಂತು. ಬಿಳಿ ಕೋಟು, ಸೊಂಟದಲ್ಲಿ ಕತ್ತಿ, ಹಿಂದೆ ಒಂದು ಕುದುರೆ. ಕೆಳಗೆ ಹಿತ್ತಾಳೆಯ ಪಟ್ಟಿಯಲ್ಲಿ ಕೌಂಟ್ ಎಗೊನ್ ಅಂತ ಹೆಸರು, ಅದರ ಮುಂದೆ ಮೂರು ಮಾರು ಉದ್ದದ ಮನೆತನದ ಹೆಸರು, 1831 ಮತ್ತು 1889 ಎಂಬ ಎರಡು ಇಸವಿ, ನಡುವೆ ಒಂದು ಶಬ್ದ: ರಿಟ್‌ಮೈಸ್ಟರ್.

ಕ್ಲಾರೆನ್ಸ್ ಬಗ್ಗಿ ಅದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದ. "ರಿಟ್... ಮೇಸ್ಟರ್... ರಿತೊ ಮೇಸ್ತ್ರಿ!" ಅಂದವನೇ ಕೂತು ನಗಲು ಶುರುಮಾಡಿದ.

"ಎಂತ ಮಾರಾಯ?" ಅಂದೆ.

"ಮೋಹನಣ್ಣ, ನಮ್ಮ ಕೊಂಕಣಿಯಲ್ಲಿ ರಿತೊ ಅಂದ್ರೆ ಖಾಲಿ. ಇವ ಖಾಲಿ ಮೇಸ್ತ್ರಿ! ಕೈಕೆಳಗೆ ಒಂದು ಆಳೂ ಇಲ್ಲ ಇವನಿಗೆ."

ಅಂದಿನಿಂದ ನಮ್ಮ ಮಂಗಳೂರು ಕಡೆಯವರಿಗೆಲ್ಲ ಆ ದೊರೆ ರಿತೊ ಮೇಸ್ತ್ರಿಯೇ. "ರಿತೊ ಮೇಸ್ತ್ರಿಯ ಕೆಳಗಿನ ಮೇಜು ಒರೆಸು", "ರಿತೊ ಮೇಸ್ತ್ರಿಗೆ ಧೂಳು ಹೊಡಿ". ಅಲ್ಲಿಗೇ ನಿಂತಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ.

ಆದರೆ ಗೆಸ್ಟುಗಳು ಕೇಳತೊಡಗಿದರು, ಈ ಪಟದವರು ಯಾರು ಅಂತ. ರೆಸ್ಟೋರೆಂಟ್ ಮ್ಯಾನೇಜರ್ ಲಿಯೊನೆಲ್ ಸರ್ ಕ್ಲಾರೆನ್ಸನನ್ನು ಕರೆದು, "ಯಲ್ಲಾ, ಶುರು ಮಾಡು ಕ್ಲಾರೆನ್ಸ್, ನಿನಗೆ ಬಾಯಿ ಉಂಟಲ್ಲ, ಏನಾದರೂ ಹೇಳು. ಗೆಸ್ಟ್ ನಗಬೇಕು ಅಷ್ಟೇ" ಅಂದರು. ಕ್ಲಾರೆನ್ಸ್ ಹೇಳಿದ. ಮೊದಲ ಸಲ ಬರೀ ಕುದುರೆಯ ಬಗ್ಗೆ. ಅದು ವೈನ್ ಕುಡಿಯದೆ ಹೆಜ್ಜೆ ಇಡುತ್ತಿರಲಿಲ್ಲ ಅಂತ. ಗೆಸ್ಟು ಮುಗುಳ್ನಕ್ಕರು. ಮುಗುಳ್ನಗೆ ಸಾಕಾಗಲಿಲ್ಲ ಅವನಿಗೆ. ಮೇಸ್ತ್ರಿ ಯಾಕೆ ಖಾಲಿ? ಆಳುಗಳೆಲ್ಲ ಎಲ್ಲಿ ಹೋದರು? ಹಾಗೆ ಯೋಚಿಸಿ ಯೋಚಿಸಿ ಒಂದು ವಾರದಲ್ಲಿ ಕಥೆ ಸಿದ್ಧವಾಯಿತು.

ಯುದ್ಧದ ಬೆಳಿಗ್ಗೆ. ನದಿಯ ಆಚೆ ದಡದಲ್ಲಿ ವೈರಿಯ ತೋಪುಗಳು. ಕೌಂಟ್ ತನ್ನ ಸವಾರರಿಗೆ "ಮುಂದೆ!" ಅಂತ ಕತ್ತಿ ಎತ್ತಿ ಹೇಳಿ, ತಾನು ಮೆಲ್ಲಗೆ ಹಿಂದೆ. ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸಿನ ಲಂಗ ಎಳೆದುಕೊಂಡು ಉಟ್ಟ, ಮೀಸೆಯನ್ನು ಬಟ್ಟೆಬುಟ್ಟಿಯ ಹಿಂದೆ ಅಡಗಿಸಿಕೊಂಡ, ಸೇತುವೆ ದಾಟಿ ಮನೆಗೆ ನಡೆದ. ಅವನ ಸವಾರರು ಒಬ್ಬರೂ ತಿರುಗಿ ಬರಲಿಲ್ಲ. ಅಂದಿನಿಂದ ಅವನಿಗೆ ಈ ಬಿರುದು: ಆಳಿಲ್ಲದ ಕ್ಯಾಪ್ಟನ್. ಇಲ್ಲಿಗೆ ಬಂದಾಗ ಕ್ಲಾರೆನ್ಸ್ ನ್ಯಾಪ್‌ಕಿನ್ನನ್ನು ಸೊಂಟಕ್ಕೆ ಸುತ್ತಿ ನಾಲ್ಕು ಹೆಜ್ಜೆ ಬಳುಕಿ ನಡೆಯುತ್ತಿದ್ದ. ನಾನೇ ಬಾಗಿಲ ಸಂದಿಯಿಂದ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ.

ಜನ ಅದನ್ನು ಕೇಳಲೆಂದೇ ಬರತೊಡಗಿದರು. ಯಾರೋ ಇಂಟರ್ನೆಟ್ಟಿನಲ್ಲಿ ಪಟದ ಫೋಟೋ ಸಮೇತ ಬರೆದರು. ಲಿಯೊನೆಲ್ ಸರ್ ಮೆನು ಕಾರ್ಡಿನ ಹಿಂದೆ ಅಚ್ಚು ಹಾಕಿಸಿದರು. ಎರಡು ವರ್ಷ ಹೀಗೆ ಹೋಯಿತು.

ಆಮೇಲೆ ಅನ್ನಾ ಬಂದಳು.

ಆಸ್ಟ್ರಿಯಾದವಳು. ಎಪ್ಪತ್ತರ ಹತ್ತಿರದ, ತೆಳ್ಳನೆಯ, ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತಳಾದ ಹೆಂಗಸು. ನಮ್ಮ ಹೋಟೆಲಿನಲ್ಲಿಯೇ ರೂಮು ಮಾಡಿದ್ದಳು. ಸಂಜೆ ರೆಸ್ಟೋರೆಂಟ್ ತೆರೆಯುತ್ತಲೇ ಮೇಲೆ ಬಂದು, ಪಟದ ಕೆಳಗಿನ ಮೇಜು ಕೇಳಿ ತೆಗೆದುಕೊಂಡು, "ಇವರ ಕಥೆ ಹೇಳುವವರು ನೀವಾ?" ಅಂತ ಕ್ಲಾರೆನ್ಸನನ್ನು ಕೇಳಿದಳು. ನಾನು ಹೊಸ ಗ್ಲಾಸುಗಳ ಪೆಟ್ಟಿಗೆ ಹಿಡಿದು ಅಲ್ಲೇ ಇದ್ದೆ. ನಮ್ಮವನಿಗೆ ಹುರುಪು ಬಂತು. ಎರಡು ವರ್ಷದಲ್ಲಿ ಅಷ್ಟು ಚೆನ್ನಾಗಿ ಅವನು ಯಾವತ್ತೂ ಹೇಳಿರಲಿಲ್ಲ. ಲಂಗ, ಬುಟ್ಟಿ, ಬಳುಕು ನಡಿಗೆ ಎಲ್ಲ.

ಅವಳು ನಗಲಿಲ್ಲ. ಕೊನೆಗೆ ಎರಡೂ ಕೈಯಿಂದ ಅವನ ಕೈ ಹಿಡಿದುಕೊಂಡಳು.

"ಇವರು ನನ್ನ ಅಜ್ಜನ ತಂದೆ" ಅಂದಳು. "ನಮ್ಮ ಮನೆಯಲ್ಲಿ ಇವರ ಹೆಸರು ಎತ್ತುವ ಹಾಗಿರಲಿಲ್ಲ. ನಾನು ಚಿಕ್ಕವಳಿದ್ದಾಗ ಕೇಳಿದರೆ ಸಾಕು, ಅಜ್ಜ ಊಟ ಬಿಟ್ಟು ಎದ್ದು ಹೋಗುತ್ತಿದ್ದರು. ಯಾಕೆ ಅಂತ ಯಾರೂ ಹೇಳಲಿಲ್ಲ. ಈಗ ಗೊತ್ತಾಯಿತು."

ಕ್ಲಾರೆನ್ಸನ ಸೊಂಟದಲ್ಲಿ ನ್ಯಾಪ್‌ಕಿನ್ ಇನ್ನೂ ಇತ್ತು.

ಅವಳು ಮೆಲ್ಲನೆ ಉಳಿದದ್ದನ್ನೂ ಹೇಳಿದಳು. ಅವಳ ಊರಿನ ಇಗರ್ಜಿಯ ಗೋಡೆಯಲ್ಲಿ ಕೌಂಟನ ಹೆಸರಿನ ಒಂದು ಕಲ್ಲು ಇತ್ತಂತೆ. ಇಂಟರ್ನೆಟ್ಟಿನಲ್ಲಿ ಈ ಕಥೆ ಓದಿದ ಅವಳ ದಾಯಾದಿಗಳು, ಸವಾರರನ್ನು ಸಾಯಲು ಬಿಟ್ಟು ಓಡಿದವನ ಹೆಸರು ದೇವರ ಮನೆಯಲ್ಲಿ ಬೇಡ ಅಂತ ಕಲ್ಲನ್ನು ಬಿಚ್ಚಿಸಿ ಇಟ್ಟಿದ್ದರು. ಇವಳೊಬ್ಬಳೇ ಅಡ್ಡ ನಿಂತವಳು. "ಆ ಹೋಟೆಲಿನವರಿಗೆ ಹೇಗೆ ಗೊತ್ತು? ನಾನೇ ಹೋಗಿ ಕೇಳಿ ಬರ್ತೇನೆ, ಅಲ್ಲಿವರೆಗೆ ಕಲ್ಲು ಬಿಸಾಡಬೇಡಿ ಅಂದಿದ್ದೆ" ಅಂದಳು. "ಇಷ್ಟು ವಿವರವಾಗಿ ಹೇಳುವಾಗ ಸುಳ್ಳು ಇರ್ಲಿಕ್ಕಿಲ್ಲ. ಶುಕ್ರವಾರ ಫೋನ್ ಮಾಡಿ ಆಗಲಿ ಅಂತ ಹೇಳಿಬಿಡ್ತೇನೆ."

ಹೇಳಬೇಕಾದ ಗಳಿಗೆ ಅದೇ. ಕ್ಲಾರೆನ್ಸ್ ಬಾಯಿ ತೆರೆದ. ಹಿಂದೆ ಲಿಯೊನೆಲ್ ಸರ್ ಕೈ ಕಟ್ಟಿ, ಹಲ್ಲು ಬಿಟ್ಟು ನಿಂತಿದ್ದರು. ಕ್ಲಾರೆನ್ಸನ ಬಾಯಿಂದ ಬಂದದ್ದು ಇಷ್ಟು: "ಸ್ವೀಟ್ ಏನು ತರ್ಲಿ ಮೇಡಮ್?"

ಸ್ವಲ್ಪ ಹೊತ್ತಿಗೆ ಸ್ಟೋರಿಗೆ ಬಂದು ಅಕ್ಕಿ ಮೂಟೆಯ ಮೇಲೆ ಕೂತ.

"ಮೋಹನಣ್ಣ, ನಾನು ಒಬ್ಬನನ್ನು ಕೊಂದೆ."

"ಯಾರನ್ನ?"

"ಕೌಂಟನ್ನ."

"ಅವ ಸತ್ತು ನೂರು ವರ್ಷದ ಮೇಲಾಯ್ತಲ್ಲ ಮಾರಾಯ."

"ಪುನಃ ಕೊಂದೆ. ಸ್ವೀಟ್ ಎಂತ ಬೇಕು ಅಂತ ಕೇಳಿ ಬಂದೆ."

ಅವನನ್ನು ನಗಿಸಲು ನಾನು ಏನೇನೋ ಹೇಳಿದೆ. ಸತ್ತವರು ಮಾನನಷ್ಟದ ಕೇಸು ಹಾಕುವುದಿಲ್ಲ ಅಂದೆ. ನಮ್ಮ ಅಜ್ಜ ಹುಲಿಯ ಬಾಲ ಹಿಡಿದು ಮೂರು ಗದ್ದೆ ದಾಟಿದ್ದನ್ನು ಹೇಳಿದೆ. ಅವನು ಅಕ್ಕಿಯ ಒಂದು ಕಾಳನ್ನು ಉಗುರಿನಿಂದ ಪುಡಿ ಮಾಡುತ್ತ ಕೂತಿದ್ದ. ಅದಾದ ಮೇಲೆಯೇ ಅವನು ಪಟದ ಎದುರು ಹಾಯುವುದನ್ನು ಬಿಟ್ಟದ್ದು. ಊಟಕ್ಕೆ ಕೂತರೆ ಅರ್ಧಕ್ಕೆ ಏಳುತ್ತಿದ್ದ. "ಆ ಮೇಡಮ್ಮಿನ ಅಜ್ಜನೂ ಹೀಗೇ ಎದ್ದು ಹೋಗ್ತಿದ್ದರಂತೆ" ಅಂತ ತಾನೇ ಹೇಳಿ, ಇನ್ನಷ್ಟು ಕುಗ್ಗುತ್ತಿದ್ದ.

ಶುಕ್ರವಾರ ಬೆಳಿಗ್ಗೆ ಇಗರ್ಜಿಗೆ ಹೊರಟ; ಅಲ್ಲಿ ಆಗ ವಾರದ ರಜೆ ಶುಕ್ರವಾರವೇ. ನಾನೂ ಹೋದೆ. ನಾನು ಹಿಂದುವಾದರೂ ಶುಕ್ರವಾರದ ಪೂಜೆ ತಪ್ಪಿಸುತ್ತಿರಲಿಲ್ಲ. ಅಗಾತಾ ಬಾಯಿ ಅಂತ ಒಬ್ಬರು ಮನೆಯಲ್ಲಿ ಇಡ್ಲಿಯಂಥ ಸಾನ್ನ ಬೇಯಿಸಿ ತಂದು ಕಂಪೌಂಡಿನಲ್ಲಿ ನಮಗೆಲ್ಲ ಹಂಚುತ್ತಿದ್ದರು. ಆ ಸಾನ್ನ ಎಷ್ಟು ಹಗುರ ಅಂದರೆ ಪಾತ್ರೆಯ ಮುಚ್ಚಳ ತೆಗೆಯುವಾಗ ಕೈಯಿಂದ ಒತ್ತಿ ಹಿಡಿಯಬೇಕಿತ್ತು, ಇಲ್ಲದಿದ್ದರೆ ಹಾರಿಹೋಗುತ್ತಿತ್ತು.

ಕ್ಲಾರೆನ್ಸ್ ಪಾಪನಿವೇದನೆಗೆ ಹೋದವನು ಬೆವರಿಕೊಂಡು ಹೊರಗೆ ಬಂದ. ಒಳಗೆ ಇದ್ದದ್ದು ನಮ್ಮ ಊರಿನ ಕಡೆಯ ಮುದಿ ಪಾದ್ರಿ.

"ಎಂತ ಹೇಳಿದರು ಫಾದರ್? ಎಷ್ಟು ಜಪ ಕೊಟ್ಟರು?" ಅಂತ ಕೇಳಿದೆ.

"ಜಪ ಕೊಡ್ಲಿಲ್ಲ" ಅಂದ. "ಒಬ್ಬರ ಮೇಲೆ ಸುಳ್ಳು ಹೇಳಿದೆ ಫಾದರ್ ಅಂದೆ. ಯಾರ ಮೇಲೆ, ಹೋಗಿ ಕ್ಷಮೆ ಕೇಳು ಅಂದ್ರು. ಅವರು 1889ರಲ್ಲಿ ತೀರಿಕೊಂಡ್ರು ಅಂದೆ. ಫಾದರ್ ಸ್ವಲ್ಪ ಹೊತ್ತು ಕೆಮ್ಮಿದ್ರು. ಆಮೇಲೆ, ದೇವರು ನಿನ್ನನ್ನು ಕ್ಷಮಿಸ್ತಾನೆ, ಅದು ಸುಲಭ. ಆದ್ರೆ ಹೆಸರು ಕೆಡಿಸಿದವ ಹೆಸರು ತಿರುಗಿ ಕೊಡ್ಬೇಕು, ಯಾರ ಕಿವಿಗೆ ಹಾಕಿದ್ಯೋ ಅವರ ಕಿವಿಯಿಂದ ತೆಗೀಬೇಕು, ಅದೇ ನಿನ್ನ ಪ್ರಾಯಶ್ಚಿತ್ತ ಅಂದ್ರು." ಕರವಸ್ತ್ರದಲ್ಲಿ ಮುಖ ಒರೆಸಿಕೊಂಡ. "ಎಷ್ಟು ಕಿವಿ ಮೋಹನಣ್ಣ! ನೂರು ಜಪ ಕೊಟ್ಟಿದ್ರೆ ಮುಗಿಸಿ ಬಿಡ್ತಿದ್ದೆ."

"ಮೊದಲು ಒಂದು ಕಿವಿ ಉಂಟಲ್ಲ. ಮಧ್ಯಾಹ್ನ ಅವಳು ಫೋನ್ ಮಾಡುವ ಮೊದಲು ನಡಿ" ಅಂದೆ.

"ಕೆಲಸ ಹೋದ್ರೆ?"

"ಹೋದ್ರೆ ಊರಿಗೆ ಹೋಗು. ನಿನ್ನ ಹಡಗು ಉಂಟಲ್ಲ."

ಅವನು ನಗಲಿಲ್ಲ, ಆದರೆ ನಡೆದ.

ಲಾಬಿಯಲ್ಲಿ ಅನ್ನಾ ಇಳಿದು ಬಂದಳು. ನಮ್ಮ ಹೋಟೆಲಿನ ಕೆಲಸದವರು ಲಾಬಿಯ ಸೋಫಾದ ಮೇಲೆ ಕೂರುವಂತಿಲ್ಲ. ಅವಳು ಕೂರಿ ಕೂರಿ ಅಂತ ಒತ್ತಾಯ ಮಾಡಿದಾಗ ಕ್ಲಾರೆನ್ಸ್ ಅಂಚಿನಲ್ಲಿ, ಬೆಂಚಿನ ಮೇಲೆ ಕೋಳಿ ಕೂತ ಹಾಗೆ ಕೂತ. ನಾನು ಹಿಂದೆ ನಿಂತೆ.

"ಮೇಡಮ್, ನಾನು ಹೇಳಿದ್ದು ಎಲ್ಲ ಸುಳ್ಳು. ನದಿ, ಲಂಗ, ಎಲ್ಲ. ನಾನೇ ಕಟ್ಟಿದ್ದು."

"ಯಾಕೆ?"

ಅಲ್ಲಿಗೆ ರಿತೊ ಮೇಸ್ತ್ರಿಯನ್ನು ಬಿಡಿಸಿ ಹೇಳಲೇಬೇಕಾಯಿತು. ಒಬ್ಬ ಆಸ್ಟ್ರಿಯಾದ ಸಂಗೀತದ ಟೀಚರಿಗೆ ಇಂಗ್ಲಿಷಿನಲ್ಲಿ ಕೊಂಕಣಿಯ ತಮಾಷೆ ಹೇಳುವುದಕ್ಕಿಂತ ಒಂಟೆಗೆ ಸೀರೆ ಉಡಿಸುವುದು ಸಲೀಸು. ರಿತೊ ಅಂದರೆ ಖಾಲಿ, ಮೇಸ್ತ್ರಿ ಅಂದರೆ ಆಳುಗಳ ಮೇಲಿನವ, ಅದಕ್ಕೇ ಆಳಿಲ್ಲದವ ಅಂತ ನಾವು ನಕ್ಕದ್ದು, ಆಮೇಲೆ ಆಳುಗಳನ್ನು ಎಲ್ಲಿ ಕಳಿಸುವುದು ಅಂತ ಗೊತ್ತಾಗದೆ ಅವರನ್ನು ಕೊಂದದ್ದು ಅಂತ ಅವನು ಹೇಳಿದ. ಅವಳು ಒಮ್ಮೆಲೇ ನಕ್ಕಳು. ಎಷ್ಟು ಜೋರಾಗಿ ಅಂದರೆ ಬಾಗಿಲಲ್ಲಿದ್ದವನು ತಿರುಗಿ ನೋಡಿದ.

"ರಿಟ್‌ಮೈಸ್ಟರ್ ಅಂದರೆ ಕುದುರೆ ಸವಾರರ ದಳದ ನಾಯಕ" ಅಂದಳು. "ನಿಮ್ಮ ಹಾಗೆ ಅವರೂ ಕ್ಯಾಪ್ಟನ್."

ಆಮೇಲೆ ನಗು ನಿಂತಿತು. "ಹಾಗಾದರೆ ನಿಮಗೆ ಅವರ ಬಗ್ಗೆ ಏನೂ ಗೊತ್ತಿಲ್ಲ."

"ಏನೂ ಇಲ್ಲ ಮೇಡಮ್."

"ಹಾಗಾದರೆ ನನ್ನ ಅಜ್ಜ ಯಾಕೆ ಊಟ ಬಿಟ್ಟು ಏಳುತ್ತಿದ್ದರು?"

ಬದುಕಿಡೀ ಆ ಪ್ರಶ್ನೆಗೆ ಉತ್ತರ ಇಲ್ಲದೆ ಇದ್ದವಳು. ಕ್ಲಾರೆನ್ಸ್ ಒಂದು ಉತ್ತರ ಕೊಟ್ಟು, ಈಗ ಕಿತ್ತುಕೊಂಡಿದ್ದ. ಸುಳ್ಳು ಹೇಳಿದಾಗ ಮಾಡಿದ ಗಾಯ ಒಂದು, ನಿಜ ಹೇಳಿದಾಗ ಆದದ್ದು ಇನ್ನೊಂದು.

ಗೊತ್ತಿದ್ದಷ್ಟನ್ನು ಅವಳೇ ಹೇಳಿದಳು. ಕೌಂಟ್ ಹುಟ್ಟಿದ್ದು ಬೆಟ್ಟದ ಬುಡದ ಒಂದು ಚಿಕ್ಕ ಕೋಟೆಮನೆಯಲ್ಲಿ. ಹೆಸರಿಗೆ ಕೋಟೆ, ಮಾಡು ಸೋರುತ್ತಿತ್ತು. ಮೀಸೆ ಮೂಡುವ ಮೊದಲೇ ಅಶ್ವದಳ ಸೇರಿದವ. 1866ರಲ್ಲಿ ಪ್ರಷ್ಯಾದವರ ಜೊತೆ ಯುದ್ಧ ಆದಾಗ ತನ್ನ ದಳ ಕಟ್ಟಿಕೊಂಡು ಹೋದ, ತಿರುಗಿ ಬಂದ. ಬಂದವನು ಕುದುರೆ ಹತ್ತಲಿಲ್ಲ. ತಡವಾಗಿ ಮದುವೆಯಾದ. ಜೇನು ಸಾಕಿದ, ಯಾರೊಂದಿಗೂ ಯುದ್ಧದ ಮಾತು ಆಡಲಿಲ್ಲ, ಸತ್ತ. ಅಷ್ಟೇ. ಮನೆ ಮಾರಿದಾಗ ಪಟವೂ ಹೋಯಿತು.

"ಅಂದ್ರೆ ಅವರು ಓಡ್ಲಿಲ್ಲ ಅಲ್ವಾ ಮೇಡಮ್?" ಕ್ಲಾರೆನ್ಸ್ ಆಸೆಯಿಂದ ಕೇಳಿದ.

"ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಗೊತ್ತಿಲ್ಲದಿದ್ದಾಗ ಸುಮ್ಮನಿರಬೇಕಿತ್ತು" ಅಂದಳು. ಬೈದ ಹಾಗೆ ಹೇಳಲಿಲ್ಲ, ಶಾಲೆಯ ಮಗುವಿಗೆ ರಾಗ ತಿದ್ದಿದ ಹಾಗೆ ಹೇಳಿದಳು. ಅವನಿಗೆ ಅದೇ ಹೆಚ್ಚು ನೋವಾಯಿತು.

ನೆಟ್‌ನಲ್ಲಿ ಕಾಲ್ ಮಾಡಲು ನೋಡಿದಳು. ಈ ದೇಶದಲ್ಲಿ ಅದು ನಡೆಯುವುದಿಲ್ಲ ಅಂತ ಪಾಪ ಅವಳಿಗೆ ಗೊತ್ತಿರಲಿಲ್ಲ. ಕೊನೆಗೆ ಮಾಮೂಲಿ ಫೋನಿನಲ್ಲಿಯೇ ದಾಯಾದಿಯನ್ನು ಹಿಡಿದು, ಸ್ಪೀಕರ್ ಹಾಕಿ ಕ್ಲಾರೆನ್ಸನ ಬಾಯಿಯ ಎದುರು ಹಿಡಿದಳು. ಅವನು ಎದ್ದು ನಿಂತು, ಆರ್ಡರ್ ತೆಗೆದುಕೊಳ್ಳುವಾಗಿನ ಹಾಗೆ ಕೈ ಹಿಂದೆ ಕಟ್ಟಿ, "ಸರ್, ಐ ಆಮ್ ದಿ ಕ್ಯಾಪ್ಟನ್. ಆ ಕಥೆ ಸುಳ್ಳು, ನಾನು ಕಟ್ಟಿದ್ದು. ಕಲ್ಲನ್ನು ತಿರುಗಿ ಗೋಡೆಗೆ ಹಾಕಿ" ಅಂದ.

ಆಚೆಯಿಂದ ಗಂಡಸಿನ ಸ್ವರ ಏನೋ ಕೇಳಿತು. ಅನ್ನಾಳ ಮುಖ ಬಿಗಿಯಾಯಿತು.

"ನಾನು ಅತ್ತು ಕರೆದು ನಿಮ್ಮಿಂದ ಹೀಗೆ ಹೇಳಿಸ್ತಾ ಇದ್ದೇನೆ ಅಂತಾನೆ. ಅಜ್ಜ ಊಟ ಬಿಟ್ಟು ಏಳುತ್ತಿದ್ದದ್ದು ಅವನಿಗೂ ಗೊತ್ತು. ಅದಕ್ಕೆ ನಿಮ್ಮ ಮೊದಲನೇ ಕಥೆಯೇ ಸರಿ ಹೊಂದುತ್ತದೆ ಅಂತೆ."

ಕ್ಲಾರೆನ್ಸ್ ಮತ್ತೆ ಫೋನಿಗೆ ಬಗ್ಗಿ, "ಸರ್, ನನ್ನ ಅಮ್ಮನಾಣೆ ಸುಳ್ಳು ಸರ್!" ಅಂದ. ಫೋನು ಕಟ್ಟಾಗಿತ್ತು. ಬದುಕಿನಲ್ಲಿ ಎಷ್ಟೋ ಸುಳ್ಳು ಹೇಳಿ ನಂಬಿಸಿದ್ದವನು, ಆ ಒಂದು ನಿಜವನ್ನು ನಂಬಿಸಲಾರದೆ ಲಾಬಿಯ ನಡುವೆ ನಿಂತಿದ್ದ.

ಅವಳು ಮರುದಿನ ಹೊರಟುಹೋದಳು. ಆಗಲಿ ಅಂತ ದಾಯಾದಿಗಳಿಗೆ ಹೇಳಲಿಲ್ಲ, ಆದರೆ ಅವರಿಗೆ ಅವಳ ಒಪ್ಪಿಗೆ ಬೇಕಾಗಿಯೂ ಇರಲಿಲ್ಲ.

ಕ್ಲಾರೆನ್ಸ್ ಲಿಯೊನೆಲ್ ಸರ್ ಹತ್ತಿರ ಹೋಗಿ, ಮೆನುವಿನಿಂದ ಕಥೆ ತೆಗೆಸಬೇಕು ಅಂದ.

"ಖಲಾಸ್ ಕ್ಲಾರೆನ್ಸ್. ಅದು ಈಗ ನಿನ್ನ ಕಥೆ ಅಲ್ಲ, ಹೋಟೆಲಿಂದು" ಅಂದರು ಸರ್.

"ಹಾಗಾದ್ರೆ ನಾನು ಪ್ರತಿ ಮೇಜಿನಲ್ಲೂ ನಿಜ ಹೇಳ್ತೇನೆ ಸರ್."

ಹೇಳಿದ ಕೂಡ. ಹುಟ್ಟಿದರು, ಸೈನ್ಯಕ್ಕೆ ಹೋದರು, ಬಂದರು, ಜೇನು ಸಾಕಿದರು, ತೀರಿಕೊಂಡರು ಅಂತ. ಗೆಸ್ಟು ಮುಖ ಮುಖ ನೋಡಿಕೊಂಡು ಬಿಲ್ಲು ಕೇಳುತ್ತಿದ್ದರು. ಕೆಲವರು ಅವನು ಬೇಕೆಂದೇ ಬಿಗುಮಾನ ಮಾಡುತ್ತಿದ್ದಾನೆ ಅಂದುಕೊಂಡು, "ಆ ಲಂಗದ್ದು ಹೇಳಪ್ಪ" ಅಂತ ಗೋಗರೆಯುತ್ತಿದ್ದರು. ತಿಂಗಳು ತಿರುಗುವುದರೊಳಗೆ ಅವನನ್ನು ಕೆಳಗಿನ ಬ್ರೇಕ್‌ಫಾಸ್ಟ್ ಹಾಲಿಗೆ ಹಾಕಿದರು. ಮೇಲೆ ಹೊಸ ಕ್ಯಾಪ್ಟನ್ ಬಂದ. ಅವನು ಕಥೆಯನ್ನು ಇನ್ನೂ ಬೆಳೆಸಿದ. ಈಗ ಕೌಂಟ್ ಆ ಅಗಸಗಿತ್ತಿಯನ್ನೂ ಹಾರಿಸಿಕೊಂಡು ಹೋಗುತ್ತಿದ್ದ. ಅದು ಕೆಳಗೆ ಗೊತ್ತಾದ ದಿನ ಕ್ಲಾರೆನ್ಸ್ ಆಮ್ಲೆಟಿನ ಪ್ಲೇಟು ಬೀಳಿಸಿದ.

ಅನ್ನಾ ಒಂದು ಫೋಟೋ ಕಳಿಸಿದ್ದಳು. ಕಲ್ಲನ್ನು ಬಿಸಾಡುವ ಮೊದಲು ಅವಳು ಮನೆಗೆ ತಂದಿದ್ದಳಂತೆ. ಅಡುಗೆಮನೆಯಲ್ಲಿ, ಫ್ರಿಜ್ಜಿನ ಪಕ್ಕ, ಗೋಡೆಗೆ ಒರಗಿಸಿಟ್ಟ ಬಿಳಿ ಕಲ್ಲು. ಹತ್ತಿರ ಈರುಳ್ಳಿ ಬುಟ್ಟಿ. ಬೇರೆ ಏನೂ ಬರೆದಿರಲಿಲ್ಲ. ಕ್ಲಾರೆನ್ಸ್ ಅದನ್ನು ನನಗೆ ತೋರಿಸುವಾಗ ಈರುಳ್ಳಿಯ ಮೇಲೆ ಬೆರಳು ಇಟ್ಟು ಮುಚ್ಚಿಕೊಂಡಿದ್ದ.

ನವೆಂಬರಿನಲ್ಲಿ ಸತ್ತವರಿಗಾಗಿ ಕೊಂಕಣಿಯಲ್ಲಿ ಪೂಜೆ ಇತ್ತು. ಸತ್ತ ಹಿರಿಯರ ಹೆಸರು ಕೊಟ್ಟರೆ ಫಾದರ್ ಓದುತ್ತಾರೆ. ನಾನು ಹಿಂದಿನ ಸಾಲಿನಲ್ಲಿ ಕ್ಲಾರೆನ್ಸನ ಜೊತೆ ಕೂತಿದ್ದೆ. ಪಾಸ್ಕಲ್, ಲೂಸಿ, ಮೊಂತಿನ್ ಅಂತ ಸರಾಗವಾಗಿ ಓದುತ್ತ ಬಂದ ಮುದಿ ಪಾದ್ರಿ ಒಂದು ಕಡೆ ಎಡವಿ, ಕನ್ನಡಕ ಸರಿಮಾಡಿ, "ಎಗೊನ್" ಅಂದು, ಆ ಮೂರು ಮಾರಿನ ಮನೆತನದ ಹೆಸರನ್ನು ಮುಳ್ಳು ತೆಗೆದು ಮೀನು ತಿನ್ನುವ ಹಾಗೆ ಬಿಡಿಸಿ ಬಿಡಿಸಿ ಓದಿ ಮುಗಿಸಿದರು. ಕ್ಲಾರೆನ್ಸ್ ಮೊಣಕಾಲೂರಿದ.

ಹೊರಗೆ ಬಂದಾಗ ಅಗಾತಾ ಬಾಯಿ ಸಾನ್ನದ ಪಾತ್ರೆ ಹಿಡಿದು ಹತ್ತಿರ ಬಂದರು.

"ಆ ಉದ್ದ ಹೆಸರು ನೀನು ಕೊಟ್ಟದ್ದಾ ಕ್ಲಾರೆನ್ಸ್? ಯಾವ ಊರಿನವರು?"

"ದೂರದವರು ಬಾಯಿ."

"ಎಲ್ಲಿ ಕೆಲಸಕ್ಕಿದ್ದರು? ಯಾವ ಕಂಪನಿ?"

"ಮಿಲಿಟರಿಯಲ್ಲಿ."

"ಒಳ್ಳೇದಾಯ್ತು, ಪೆನ್ಷನ್ ಇರ್ತದೆ ಅಲ್ವಾ" ಅಂತ ಬಾಯಿ ಅವನ ಕೈಗೆ ಎರಡು ಸಾನ್ನ ಇಟ್ಟರು.

ಕ್ಲಾರೆನ್ಸ್ ಸಾನ್ನ ಹಿಡಿದುಕೊಂಡೇ ನಿಂತಿದ್ದ. ಆಮೇಲೆ ಪೊಲೀಸ್ ಸ್ಟೇಷನ್ನಿನಲ್ಲಿ ಹೇಳಿಕೆ ಕೊಡುವವನ ಹಾಗೆ ಅಂದ: "ಅವರು ಓಡಿ ಹೋದದ್ದಕ್ಕೆ ಸಾಕ್ಷಿ ಇಲ್ಲ ಬಾಯಿ."

"ಅಯ್ಯೋ ದೇವರೇ," ಅಗಾತಾ ಬಾಯಿ ನನ್ನ ಕಡೆ ನೋಡಿದರು, "ಓಡಿ ಹೋದರು ಅಂತ ನಾನು ಎಲ್ಲಿ ಹೇಳಿದೆ ಮಾರಾಯ?"